ಅಧಿಕಾರಭೇದ ಮತ್ತು ಇಂಗ್ಲಿಷ್ ಪಾಠ

1956ರ ನವೆಂಬರ್ ಒಂದರಂದು ಕನ್ನಡನಾಡು ಒಂದಾಯಿತೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಆದರೆ ಆ ಏಕೀಕರಣವು ಕಾಲೇಜಿನ ಇಂಗ್ಲಿಷ್ ತರಗತಿಯ ಬೆಂಚುಗಳ ಮೇಲೆ ಯಾವ ರೂಪದಲ್ಲಿ ಬಂದು ಕುಳಿತಿತೆಂಬುದನ್ನು ಅವು ಹೇಳುವುದಿಲ್ಲ. ನಾನು ಅಧ್ಯಾಪಕನಾಗಿ ಸೇರಿದ್ದು ತುಂಗಭದ್ರೆಯ ದಂಡೆಗೆ ಅನತಿದೂರದಲ್ಲಿದ್ದ ಒಂದು ಊರಿನ ಕಾಲೇಜಿಗೆ. ಹೊಳೆಯ ಈಚೆಗೆ ಹರಿಹರ, ಅದು ಹಳೆಯ ಮೈಸೂರು; ಆಚೆಗೆ ರಾಣೆಬೆನ್ನೂರು, ಅದು ಏಕೀಕರಣದವರೆಗೆ ಮುಂಬಯಿ ರಾಜ್ಯ; ಈಶಾನ್ಯಕ್ಕೆ ಹರಪನಹಳ್ಳಿಯ ಸೀಮೆ, ಅದು ಬಳ್ಳಾರಿ ಜಿಲ್ಲೆಗೆ ಸೇರಿ 1953ರವರೆಗೆ ಮದರಾಸಿನ ಆಡಳಿತದಲ್ಲಿದ್ದುದು. ಮೂರು ಸೀಮೆಯ ಮಕ್ಕಳೂ ಬಂದು ಒಂದೇ ಕೊಠಡಿಯಲ್ಲಿ ಕೂಡುತ್ತಿದ್ದರು. ಮುಂಬಯಿ ಸರ್ಕಾರವು ಕೆಳಗಿನ ತರಗತಿಗಳಿಂದ ಇಂಗ್ಲಿಷನ್ನು ತೆಗೆದು ಎಂಟನೆಯ ಇಯತ್ತೆಯಿಂದ ಆರಂಭಿಸುವ ನೀತಿಯನ್ನು ಹಿಡಿದಿದ್ದುದರಿಂದ ಹೊಳೆಯಾಚೆಯ ಹುಡುಗನಿಗೆ ಆ ಭಾಷೆಯ ಪರಿಚಯವು ನಾಲ್ಕೇ ವರ್ಷದ್ದು. ಮೈಸೂರು ಸೀಮೆಯವನಿಗೆ ಅದಕ್ಕಿಂತ ದೀರ್ಘವಾದುದು. ಇನ್ನು ಭದ್ರಾ ನಾಲೆಯ ಕೆಲಸದ ಮೇಲೆ ಈ ಕಡೆಗೆ ವರ್ಗವಾಗಿ ಬಂದ ಎಂಜಿನಿಯರರ ಮಗಳು, ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ಕನಸನ್ನೂ ಇಂಗ್ಲಿಷಿನಲ್ಲಿಯೇ ಕಾಣುತ್ತಿದ್ದಳೋ ಏನೋ. ಇವರೆಲ್ಲರಿಗೂ ವಿಶ್ವವಿದ್ಯಾನಿಲಯವು ಒಂದೇ ಪಠ್ಯವನ್ನೂ ಒಂದೇ ವೇಳಾಪಟ್ಟಿಯನ್ನೂ ಒಂದೇ ಪ್ರಶ್ನಪತ್ರಿಕೆಯನ್ನೂ ವಿಧಿಸಿತ್ತು.

ನಾನು ಕಲಿತು ಬಂದ ಪರಂಪರೆ ಇದಕ್ಕೆ ಸಿದ್ಧಪಡಿಸುವಂಥದಾಗಿರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಬೋಧಿಸಿದ ವೈಖರಿಯನ್ನು ಹಿರಿಯರ ಬಾಯಿಂದ ಕೇಳುತ್ತಲೇ ಬೆಳೆದ ಪೀಳಿಗೆ ನಮ್ಮದು. ಅಧ್ಯಾಪಕನೆಂದರೆ ವಾಗ್ಮಿ, ಅವನು ವೇದಿಕೆಯ ಮೇಲೆ ನಿಂತು ನಾಟಕದ ಒಂದು ಅಂಕವನ್ನು ಸ್ವರಭಾರದೊಡನೆ ಓದಿ ರಸವತ್ತಾಗಿ ವ್ಯಾಖ್ಯಾನಿಸಿದರೆ ಕೇಳುವವರು ಯಥಾಶಕ್ತಿ ಗ್ರಹಿಸುವರೆಂಬುದು ಆ ಪದ್ಧತಿಯ ಅಂತರ್ಗತವಾದ ನಂಬಿಕೆ. ಆನರ್ಸ್ ತರಗತಿಯ ಆಯ್ದ ಕೆಲವರ ಮುಂದೆ ಅದು ಸೊಗಸಾದ ಪದ್ಧತಿಯೇ. ಅದನ್ನು ಹಳಿಯುವವರ ಪಂಕ್ತಿಗೆ ನಾನು ಸೇರಿದವನಲ್ಲ. ಆದರೆ ನೂರಕ್ಕೆ ಮೇಲ್ಪಟ್ಟ ತಲೆಗಳಿದ್ದ ಪಿ.ಯು.ಸಿ. ತರಗತಿಯಲ್ಲಿ ಆ ಯಥಾಶಕ್ತಿಯೆಂಬುದು ಎಷ್ಟು ಮಂದಿಯ ಪಾಲಿಗೆ ಶೂನ್ಯವಾಗಿತ್ತೆಂಬುದು ಮೊದಲ ವಾರದಲ್ಲಿಯೇ ಗೊತ್ತಾಯಿತು. ಹಿಂದಿನ ಬೆಂಚುಗಳಲ್ಲಿ ಪರಮ ಶಾಂತಿ ನೆಲಸಿತ್ತು, ಅದು ತನ್ಮಯತೆಯ ಶಾಂತಿಯಾಗಿರಲಿಲ್ಲ.

ಒಂದು ದಿನ ಪಾಠವನ್ನು ಬದಿಗಿಟ್ಟು, ಅವರವರ ಊರಿನ ಸಂತೆಯ ಮೇಲೆ ತೋಚಿದಷ್ಟನ್ನು ಇಂಗ್ಲಿಷಿನಲ್ಲಿ ಬರೆಯಿರೆಂದೂ, ಶಬ್ದ ಸಿಕ್ಕದ ಕಡೆ ಕನ್ನಡದ ಶಬ್ದವನ್ನೇ ಇಟ್ಟು ಮುಂದೆ ಸಾಗಿರೆಂದೂ ಹೇಳಿದೆನು. ಆ ಹಾಳೆಗಳನ್ನು ಮನೆಗೆ ತಂದು ಓದತೊಡಗಿದಾಗ ನನಗೆ ದೊರೆತದ್ದು ಒಂದು ತರಗತಿಯಲ್ಲ, ಮೂರು ಅಥವಾ ನಾಲ್ಕು. ಕೆಲವರದು ತಪ್ಪಿಲ್ಲದ, ಆದರೆ ಜೀವವೂ ಇಲ್ಲದ ಶಾಲೆಯ ಪ್ರಬಂಧ. ಬಾಯಿಪಾಠವಾಗಿದ್ದ ಜಾತ್ರೆಯ ಪ್ರಬಂಧದಲ್ಲಿ ಜಾತ್ರೆಯನ್ನು ಅಳಿಸಿ ಸಂತೆಯನ್ನು ಬರೆದವರೂ ಇದ್ದರು. ಮಧ್ಯದ ದೊಡ್ಡ ಗುಂಪಿನವರು ಕನ್ನಡದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಅದರ ಪದಗಳನ್ನು ಒಂದೊಂದಾಗಿ ತೆಗೆದು ಇಂಗ್ಲಿಷಿನ ಪದಗಳನ್ನು ಕೂಡಿಸಿದ್ದರಾಗಿ ಕ್ರಿಯಾಪದಗಳೆಲ್ಲವೂ ವಾಕ್ಯದ ತುದಿಗೆ ಹೋಗಿ ನಿಂತಿದ್ದವು. ಕೊನೆಯ ಗುಂಪಿನವರ ಹಾಳೆಯಲ್ಲಿ ಅಲ್ಲಲ್ಲಿ ಒಂದೆರಡು ಇಂಗ್ಲಿಷ್ ಶಬ್ದ, ಉಳಿದುದೆಲ್ಲ ಕನ್ನಡ. ಆಶ್ಚರ್ಯದ ಸಂಗತಿಯೆಂದರೆ, ಬರೆದ ವಿಷಯದ ದೃಷ್ಟಿಯಿಂದ ಈ ಕೊನೆಯವರಲ್ಲಿ ಹಲವರು ಮೊದಲನೆಯವರಿಗಿಂತ ಬಹಳ ಮುಂದಿದ್ದರು. ರಾಣೆಬೆನ್ನೂರಿನ ಕಡೆಯ ಒಬ್ಬ ರೈತನ ಮಗನು ಹತ್ತಿಯ ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಕ್ರಮವನ್ನು ಕನ್ನಡದಲ್ಲಿ ಎಷ್ಟು ಸೂಕ್ಷ್ಮವಾಗಿ ವರ್ಣಿಸಿದ್ದನೆಂದರೆ, ಅವನಿಗೆ ಸೊನ್ನೆಯನ್ನು ಕೊಡಬೇಕಾದ ನಿಯಮವು ಯಾವ ವಿದ್ಯೆಯನ್ನು ಅಳೆಯುತ್ತಿದೆಯೆಂದು ನಾನು ಬಹಳ ಹೊತ್ತು ಯೋಚಿಸಿದೆನು.

ಈ ಅಂತರವನ್ನು ಕಾಲೇಜಿನ ಹಿರಿಯರು ಕಾಣದೆ ಇರಲಿಲ್ಲ. ಅವರು ಅದಕ್ಕೆ ಕಂಡುಕೊಂಡ ಪರಿಹಾರವು ಆಡಳಿತಕ್ಕೆ ಸುಲಭವಾದುದು: ಮೆಟ್ರಿಕ್ಯುಲೇಷನ್ನಿನ ಇಂಗ್ಲಿಷ್ ಅಂಕಗಳ ಆಧಾರದ ಮೇಲೆ ಪಟ್ಟಿಮಾಡಿ ಎ, ಬಿ, ಸಿ ಎಂದು ವಿಭಾಗಗಳನ್ನು ಮಾಡಿದರು. ಯುಕ್ತಿಯ ದೃಷ್ಟಿಯಿಂದ ಇದರಲ್ಲಿ ದೋಷವೇನೂ ತೋರುವುದಿಲ್ಲ. ಸಮಾನರನ್ನು ಒಟ್ಟಿಗೆ ಕೂಡಿಸಿದರೆ ಅವರ ನಡಿಗೆಗೆ ತಕ್ಕಂತೆ ಪಾಠವನ್ನು ನಡೆಸಬಹುದಲ್ಲವೆ? ಆದರೆ ನಡೆದದ್ದೇ ಬೇರೆ. ಹಿರಿಯ ಅಧ್ಯಾಪಕರು ಎ ವಿಭಾಗವನ್ನು ತಮಗೆ ಉಳಿಸಿಕೊಂಡರು. ಆಗ ತಾನೇ ಎಂ.ಎ. ಮುಗಿಸಿ ಬಂದವರಿಗೆ ಸಿ ವಿಭಾಗವು ಲಭಿಸಿತು. ತಿಂಗಳು ಕಳೆಯುವುದರೊಳಗೆ ಆ ಅಕ್ಷರವು ಹುಡುಗರ ಕುಲನಾಮದಂತೆ ಅಂಟಿಕೊಂಡು, ಹಾಸ್ಟೆಲ್ಲಿನ ಊಟದ ಸಾಲಿನಲ್ಲಿಯೂ ಕ್ರೀಡಾಂಗಣದಲ್ಲಿಯೂ ಅದರಿಂದಲೇ ಅವರನ್ನು ಗುರುತಿಸುವಂತಾಯಿತು. ಪಟ್ಟಿಯನ್ನು ನೋಡಿದ ಯಾರಿಗೂ ಇನ್ನೊಂದು ಸಂಗತಿಯು ಕಣ್ಣಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ: ಸಿ ವಿಭಾಗದಲ್ಲಿ ಸೇರಿದವರು ಹಳ್ಳಿಯ ಮಕ್ಕಳು, ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು, ಮತ್ತು ಬಹುಪಾಲು ಇಂತಿಂಥ ಜಾತಿಗಳವರು. ಅಂಕಗಳ ಮೇಲೆ ವಿಂಗಡಿಸಿದೆವೆಂದು ನಾವು ಹೇಳಿಕೊಂಡೆವು. ಊರು ತನ್ನನ್ನು ಹೇಗೆ ವಿಂಗಡಿಸಿಕೊಂಡಿತ್ತೋ ಅದೇ ರೀತಿಯಲ್ಲಿ ನಮ್ಮ ಕೊಠಡಿಗಳೂ ವಿಂಗಡವಾಗಿದ್ದವು. ಮುಂದಿನ ವರ್ಷ ಆ ವ್ಯವಸ್ಥೆಯನ್ನು ಕೈಬಿಟ್ಟರು, ತತ್ತ್ವದ ಕಾರಣದಿಂದಲ್ಲ, ವೇಳಾಪಟ್ಟಿಯ ತೊಡಕಿನಿಂದ.

ಅಧಿಕಾರಭೇದವೆಂಬುದು ನಮ್ಮ ದೇಶದ ವಿದ್ಯಾಸಂಪ್ರದಾಯಕ್ಕೆ ಹೊಸದಲ್ಲ. ಶಿಷ್ಯನ ಸಿದ್ಧತೆಯನ್ನು ನೋಡಿ ಉಪದೇಶದ ಕ್ರಮವನ್ನು ನಿರ್ಣಯಿಸಬೇಕೆಂಬುದು ಅದರ ಒಂದು ಮುಖ, ಅದು ಪೂಜ್ಯವಾದುದು. ಇಂಥವನಿಗೆ ಈ ವಿದ್ಯೆಯೇ ಸಲ್ಲದೆಂದು ಬಾಗಿಲನ್ನು ಹಾಕಿಕೊಳ್ಳುವುದು ಅದರ ಇನ್ನೊಂದು ಮುಖ, ಮತ್ತು ಚರಿತ್ರೆಯಲ್ಲಿ ಹೆಚ್ಚಾಗಿ ಕೆಲಸ ಮಾಡಿದುದು ಆ ಎರಡನೆಯದೇ. ಕೊಠಡಿಗಳನ್ನು ಬೇರೆ ಮಾಡದೆ, ಪಠ್ಯವನ್ನು ಬೇರೆ ಮಾಡದೆ, ಹಾದಿಯನ್ನು ಮಾತ್ರ ಬೇರೆ ಮಾಡಲು ಸಾಧ್ಯವೆ ಎಂಬ ಪ್ರಶ್ನೆಯು ನನ್ನನ್ನು ಹಿಡಿದದ್ದು ಆ ಸಿ ವಿಭಾಗದ ಕೊಠಡಿಯಲ್ಲಿಯೇ.

ಆ ದಿನಗಳಲ್ಲಿಯೇ, ಅರವತ್ತರ ದಶಕದ ಆರಂಭದಲ್ಲಿ, ನನ್ನನ್ನು ಹೈದರಾಬಾದಿಗೆ ತರಬೇತಿಗೆಂದು ಕಳುಹಿಸಿದರು. 1958ರಲ್ಲಿ ಸ್ಥಾಪಿತವಾಗಿದ್ದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಎಂಬ ಆ ಸಂಸ್ಥೆಗೆ ಆಗ ನಿರ್ದೇಶಕರಾಗಿದ್ದವರು ನಮ್ಮ ವಿನಾಯಕರು, ಎಂದರೆ ವಿ.ಕೃ. ಗೋಕಾಕರು, ಕನ್ನಡದ ಕವಿಯೊಬ್ಬರು ಇಡೀ ಭಾರತದ ಇಂಗ್ಲಿಷ್ ಅಧ್ಯಾಪಕರ ಶಾಲೆಗೆ ಯಜಮಾನರಾಗಿದ್ದುದು ನಮಗೆ ಒಳಗೊಳಗೆ ಹೆಮ್ಮೆಯ ವಿಷಯವಾಗಿತ್ತು. ಅಲ್ಲಿ ಧ್ವನಿಶಾಸ್ತ್ರವನ್ನೂ ವಾಕ್ಯರಚನೆಯ ಮಾದರಿಗಳನ್ನೂ ಅಭ್ಯಾಸಮಾಡಿಸಿದರು. ಮಾದರಿ ವಾಕ್ಯಗಳನ್ನು ಇಡೀ ತರಗತಿಯಿಂದ ಸಾಮೂಹಿಕವಾಗಿ ಹೇಳಿಸುವ ಕವಾಯತು ನನಗೆ ಎಂದೂ ಹಿಡಿಸಲಿಲ್ಲ. ಹದಿನೇಳು ಹದಿನೆಂಟರ ಪ್ರಾಯದವರಿಂದ ಕಿಟಕಿ ಬಾಗಿಲುಗಳನ್ನು ತೆರೆಯುವ, ಮುಚ್ಚುವ ವಾಕ್ಯಗಳನ್ನು ಕೂಗಿಸುವುದು ಅವರ ವಯಸ್ಸಿಗೆ ಮಾಡುವ ಅಗೌರವವೆಂದು ನನ್ನ ಮತ. ಆದರೆ ಅಲ್ಲಿಯ ಗ್ರಂಥಾಲಯದಲ್ಲಿ ಮೈಕೆಲ್ ವೆಸ್ಟನ ಪುಸ್ತಕಗಳು ದೊರೆತವು. ಢಾಕಾದಲ್ಲಿ ಬಹುಕಾಲ ಶಿಕ್ಷಕರಿಗೆ ಶಿಕ್ಷಕನಾಗಿದ್ದು ಬಂಗಾಳದ ಮಕ್ಕಳ ಕಷ್ಟವನ್ನು ಕಣ್ಣಾರೆ ಕಂಡ ಈತನು, ಅತ್ಯವಶ್ಯಕವಾದ ಸುಮಾರು ಎರಡು ಸಾವಿರ ಇಂಗ್ಲಿಷ್ ಮೂಲಶಬ್ದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದ್ದನು. 1960ರಲ್ಲಿ ಕಷ್ಟಪರಿಸ್ಥಿತಿಗಳಲ್ಲಿ ಇಂಗ್ಲಿಷ್ ಬೋಧಿಸುವುದರ ಮೇಲೆ ಒಂದು ಚಿಕ್ಕ ಪುಸ್ತಕವನ್ನೂ ಬರೆದನು. ಮೂವತ್ತಕ್ಕಿಂತ ಹೆಚ್ಚು ಮಂದಿ, ಇಕ್ಕಟ್ಟಿನ ಬೆಂಚುಗಳು, ಮಟ್ಟದಲ್ಲಿ ಹೊಂದಿಕೆಯಿಲ್ಲದ ವಿದ್ಯಾರ್ಥಿಗಳು, ಸೆಖೆಯ ಹವೆ—ಇವು ಅವನು ಕೊಟ್ಟ ಕಷ್ಟದ ಲಕ್ಷಣಗಳು. ಮೂವತ್ತೆಂಬ ಸಂಖ್ಯೆಯನ್ನು ಓದಿ ನಾನೂ ನನ್ನ ಸಹಪಾಠಿಗಳೂ ನಕ್ಕದ್ದು ಉಂಟು, ಏಕೆಂದರೆ ನಮ್ಮಲ್ಲಿ ಅದು ಗೈರುಹಾಜರಿಯ ಸಂಖ್ಯೆ.

ಹಿಂದಿರುಗಿದ ಮೇಲೆ ಮೊದಲು ಪರೀಕ್ಷಿಸಿ ನೋಡಿದ್ದು ಎ.ಜಿ. ಗಾರ್ಡಿನರನ ಒಂದು ಪ್ರಬಂಧದ ಮೇಲೆ. ಆ ಕಾಲದ ಗದ್ಯಸಂಕಲನಗಳಲ್ಲಿ ಅವನಿಲ್ಲದ ಸಂಕಲನವೇ ವಿರಳ. ರಸ್ತೆಯ ನಿಯಮವನ್ನು ಕುರಿತ ಅವನ ಪ್ರಬಂಧವನ್ನು ನನ್ನ ವಯಸ್ಸಿನವರಲ್ಲಿ ಓದದವರು ಅಲ್ಪ. ಪೆಟ್ರೊಗ್ರಾಡ್ ನಗರದಲ್ಲಿ ಬುಟ್ಟಿ ಹಿಡಿದ ಸ್ಥೂಲಕಾಯದ ಮುದುಕಿಯೊಬ್ಬಳು ನಟ್ಟನಡು ಬೀದಿಯಲ್ಲಿ ನಡೆಯುತ್ತ, ಪಕ್ಕಕ್ಕೆ ಸರಿಯೆಂದವರಿಗೆ ನಮಗೀಗ ಸ್ವಾತಂತ್ರ್ಯ ಬಂದಿದೆಯೆಂದು ಉತ್ತರಿಸುವುದರಿಂದ ಅದು ಆರಂಭವಾಗಿ, ಪಿಕಡಿಲಿಯ ಚೌಕದಲ್ಲಿ ಕೈಯೊಡ್ಡಿ ವಾಹನಗಳನ್ನು ತಡೆಯುವ ಪೊಲೀಸನು ಸ್ವಾತಂತ್ರ್ಯದ ಶತ್ರುವಲ್ಲ, ಅದರ ಕುರುಹು ಎಂಬ ವಾದಕ್ಕೆ ಬಂದು, ನಡುರಾತ್ರಿಯಲ್ಲಿ ಟ್ರಾಂಬೋನ್ ಊದುವ ಹಕ್ಕು ಯಾರಿಗೆ ಎಷ್ಟಿದೆಯೆಂಬ ಜಿಜ್ಞಾಸೆಯ ಕಡೆಗೆ ಹೊರಳುತ್ತದೆ.

ಮೊದಲ ಹತ್ತು ನಿಮಿಷ ಕನ್ನಡ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವನ್ನಾಡುವುದು ಆಗ ಅಪಚಾರವೆಂದೇ ಗಣ್ಯವಾಗಿತ್ತು. ನಾನು ಅದನ್ನು ಬೇಕೆಂದೇ ಮಾಡಿದೆನು. ಬೀದಿ ಯಾರದು ಎಂದು ಕೇಳಿದೊಡನೆ ಹಿಂದಿನ ಬೆಂಚುಗಳಲ್ಲಿ ಇದ್ದಕ್ಕಿದ್ದಂತೆ ಜೀವ ಬಂದಿತು. ರಸ್ತೆಯ ಮೇಲೆ ರಾಗಿ ಹರವಿ ಲಾರಿಯ ಚಕ್ರದಿಂದ ಒಕ್ಕಣೆ ಮಾಡಿಸುವುದು ಸರಿಯೆ ತಪ್ಪೆ ಎಂದು ಒಬ್ಬ. ಊರಿನ ಕೆಲವು ಬೀದಿಗಳಲ್ಲಿ ತನ್ನ ತಾತ ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲವೆಂದು ಇನ್ನೊಬ್ಬ, ತಲೆ ತಗ್ಗಿಸಿ, ಆದರೆ ಎಲ್ಲರಿಗೂ ಕೇಳಿಸುವಂತೆ. ಪಿಕಡಿಲಿಯನ್ನು ಕಂಡ ಗಾರ್ಡಿನರನಿಗೆ ಈ ಎರಡನೆಯ ಪ್ರಶ್ನೆಯು ಹೊಳೆದಿರಲಾರದು. ಟ್ರಾಂಬೋನ್ ಎಂದರೆ ಏನೆಂದು ಯಾರಿಗೂ ತಿಳಿಯದು. ಮದುವೆಮನೆಯ ಧ್ವನಿವರ್ಧಕವೆಂದ ಕೂಡಲೇ ಇಡೀ ವಾದವು ಎಲ್ಲರಿಗೂ ಅಂಗೈಯ ನೆಲ್ಲಿಯಾಯಿತು.

ತರುವಾಯ ಪ್ರಬಂಧವನ್ನು ಗಟ್ಟಿಯಾಗಿ ಎಲ್ಲರಿಗೂ ಓದಿ, ವೆಸ್ಟನ ಪಟ್ಟಿಯ ಹೊರಗಿನ ಶಬ್ದಗಳನ್ನು ಹಲಗೆಯ ಮೇಲೆ ಅರ್ಥಸಹಿತವಾಗಿ ಬರೆದು, ಕೆಲಸವನ್ನು ಹಂಚಿದೆನು. ಒಂದು ಕೆಲಸ: ವಾದದ ಮುಖ್ಯ ಹೆಜ್ಜೆಗಳನ್ನು ಸರಳ ವಾಕ್ಯಗಳಲ್ಲಿ ಅಸ್ತವ್ಯಸ್ತವಾಗಿ ಕೊಟ್ಟಿತ್ತು, ಅವನ್ನು ಪ್ರಬಂಧವನ್ನು ನೋಡಿಕೊಂಡು ಕ್ರಮಕ್ಕೆ ತಂದು, ಕೊನೆಗೆ ತಮ್ಮದೊಂದು ವಾಕ್ಯವನ್ನು ಸೇರಿಸಬೇಕು. ಇನ್ನೊಂದು: ಮುದುಕಿಗೂ ಪೊಲೀಸನಿಗೂ ಮುಖಾಮುಖಿಯಾಗಿದ್ದರೆ ನಡೆಯಬಹುದಾಗಿದ್ದ ಸಂವಾದವನ್ನು ಬರೆಯಬೇಕು. ಮತ್ತೊಂದು: ಲೇಖಕನಿಗೆ ಪ್ರತಿವಾದವನ್ನು ಹೂಡಬೇಕು. ಯಾರು ಯಾವುದನ್ನು ತೆಗೆದುಕೊಳ್ಳಬೇಕೆಂದು ನಾನು ಹೆಸರು ಹಿಡಿದು ಹೇಳಲಿಲ್ಲ. ಮೂರನ್ನೂ ಹಲಗೆಯ ಮೇಲೆ ಬರೆದು, ಒಂದನ್ನು ಮುಗಿಸಿದವರು ಮುಂದಿನದಕ್ಕೆ ಹೋಗಬಹುದೆಂದು ಮಾತ್ರ ತಿಳಿಸಿದೆನು. ಸಿ ವಿಭಾಗದ ನೆನಪು ಇನ್ನೂ ಹಸಿಯಾಗಿದ್ದುದರಿಂದ ಯಾವ ಕೆಲಸಕ್ಕೂ ಅಕ್ಷರವನ್ನಾಗಲಿ ಸಂಖ್ಯೆಯನ್ನಾಗಲಿ ಕೊಡುವುದು ಬೇಡವೆಂದು ಮೊದಲೇ ನಿಶ್ಚಯಿಸಿದ್ದೆನು. ಕೊನೆಯ ಕಾಲು ಗಂಟೆಯಲ್ಲಿ ಎಲ್ಲರೂ ಮತ್ತೆ ಒಂದುಗೂಡಿ, ಕ್ರಮಗೊಳಿಸಿದ ವಾಕ್ಯಗಳನ್ನು ಒಬ್ಬನು ಓದಿದರೆ ಅದೇ ಚರ್ಚೆಗೆ ಪೀಠಿಕೆ, ಸಂವಾದವು ಅದರ ಮೇಲಿನ ದೃಷ್ಟಾಂತ, ಪ್ರತಿವಾದವು ಅದಕ್ಕೆ ಪೂರ್ವಪಕ್ಷ.

ಎಂಜಿನಿಯರರ ಮಗಳು ಅಲ್ಲಿಯವರೆಗೆ ಬೆಂಚಿನ ಕೆಳಗೆ ಕಾದಂಬರಿಯನ್ನಿಟ್ಟುಕೊಂಡು ಓದುತ್ತಿದ್ದವಳು. ನಾನು ಕಂಡೂ ಕಾಣದವನಂತೆ ಇದ್ದೆನು, ಏಕೆಂದರೆ ನನ್ನ ಉಪನ್ಯಾಸಕ್ಕಿಂತ ಆ ಕಾದಂಬರಿಯಿಂದ ಅವಳಿಗೆ ಹೆಚ್ಚು ಪ್ರಯೋಜನವಿತ್ತು. ಆ ದಿನ ಅವಳು, ಪೊಲೀಸನ ಕೈ ಎಲ್ಲರ ಬಂಡಿಯನ್ನೂ ಸಮನಾಗಿ ತಡೆಯುತ್ತದೆಂಬುದನ್ನು ಲೇಖಕನು ಸಿದ್ಧಪಡಿಸಿಲ್ಲ, ಸುಮ್ಮನೆ ನಂಬಿದ್ದಾನೆ ಎಂದು ಬರೆದಳು. ಚಪ್ಪಲಿಯ ಮಾತನ್ನಾಡಿದ ಹುಡುಗನಿಂದಲೇ ಅದು ಅವಳಿಗೆ ಹೊಳೆದದ್ದು, ಅದನ್ನು ಅವಳು ಹಾಗೆಂದೇ ಹೇಳಿದಳು. ಪ್ರತ್ಯೇಕ ಕೊಠಡಿಗಳಿದ್ದಿದ್ದರೆ ಈ ವ್ಯವಹಾರವು ನಡೆಯುತ್ತಿರಲಿಲ್ಲ. ವಿಭಾಗಪದ್ಧತಿಯನ್ನು ಕುರಿತ ನನ್ನ ವಿರೋಧವು ಆ ಗಂಟೆಯಿಂದ ಇಂದಿನವರೆಗೆ ಸಡಿಲಿಲ್ಲ.

ಸಹೋದ್ಯೋಗಿಗಳಲ್ಲಿ ಇದನ್ನು ಮೆಚ್ಚಿದವರು ಕಡಮೆ. ಗದ್ದಲವೆಂಬುದು ಒಂದು ಆಕ್ಷೇಪ, ಅದು ನಿಜವೂ ಹೌದು. ಹೆಚ್ಚು ಬೆಲೆಯುಳ್ಳ ಆಕ್ಷೇಪವನ್ನು ಎತ್ತಿದವರು ಕನ್ನಡ ವಿಭಾಗದ ಒಬ್ಬ ಹಿರಿಯರು: ಹರಿಕಥೆಯ ದಾಸರು ಸಭೆಯನ್ನು ವಿಂಗಡಿಸುವರೆ, ಪಂಡಿತನಿಗೂ ಪಾಮರನಿಗೂ ಒಂದೇ ಕಥೆಯನ್ನು ಹೇಳಿ ಇಬ್ಬರನ್ನೂ ತಣಿಸುವುದಿಲ್ಲವೆ ಎಂದು ಅವರು ಕೇಳಿದರು. ನಾನೆಂದೆ: ದಾಸರು ಒಂದೇ ಪ್ರಸಂಗವನ್ನು ಶ್ಲೋಕದಲ್ಲಿ ಒಮ್ಮೆ, ಹಾಡಿನಲ್ಲಿ ಒಮ್ಮೆ, ಉಪಕಥೆಯಲ್ಲಿ ಒಮ್ಮೆ, ಚಟಾಕಿಯಲ್ಲಿ ಮತ್ತೊಮ್ಮೆ ಹೇಳುತ್ತಾರೆ, ನಾನು ಮಾಡುತ್ತಿರುವುದೂ ಅಷ್ಟೇ; ಅಲ್ಲದೆ ಮಂಗಳಾರತಿಯ ತರುವಾಯ ಅವರು ಯಾರಿಗೂ ಪರೀಕ್ಷೆ ಕೊಡುವುದಿಲ್ಲ. ಹಿರಿಯರು ನಕ್ಕರು, ಒಪ್ಪಿದರೆಂದು ಹೇಳಲಾರೆ.

ಪರೀಕ್ಷೆಯ ಮಾತು ಬಂದಿತಾದ್ದರಿಂದ ಅದನ್ನು ಮುಗಿಸಿಬಿಡಬೇಕು, ಏಕೆಂದರೆ ಸಾಧನೆಯೆಂಬುದನ್ನು ಲೋಕವು ಅಳೆಯುವುದು ಅದರಿಂದಲೇ. ಮಧ್ಯದ ಗುಂಪಿನವರಿಗೆ ಈ ಕ್ರಮದಿಂದ ನಿಸ್ಸಂದೇಹವಾಗಿ ಲಾಭವಾಯಿತು. ವಾಕ್ಯದ ತುದಿಯಲ್ಲಿ ನಿಂತಿದ್ದ ಕ್ರಿಯಾಪದಗಳು ವರ್ಷದ ಕೊನೆಯ ವೇಳೆಗೆ ತಮ್ಮ ಸ್ಥಾನಕ್ಕೆ ಸರಿದಿದ್ದವು, ಅವರ ಅಂಕಗಳೂ ಏರಿದವು. ಮೇಲಿನವರ ಅಂಕಗಳಲ್ಲಿ ವ್ಯತ್ಯಾಸವೇನೂ ಆಗಲಿಲ್ಲ, ಏಕೆಂದರೆ ಅವರು ಹೊಸದಾಗಿ ಕಲಿತದ್ದನ್ನು ತೋರಿಸಲು ಪ್ರಶ್ನಪತ್ರಿಕೆಯಲ್ಲಿ ಒಂದು ಸಂದೂ ಇರಲಿಲ್ಲ. ತೀರ ಕೆಳಗಿನವರ ಸ್ಥಿತಿಯೇ ವಿಚಿತ್ರ. ಸ್ವಂತ ವಾಕ್ಯವನ್ನು ಬರೆಯುವ ಧೈರ್ಯ ಬಂದವನು ತಪ್ಪುಗಳೊಡನೆ ಬರೆದು ಅಂಕವನ್ನು ಕಳೆದುಕೊಂಡನು. ಬಜಾರಿನ ಗೈಡನ್ನು ಅಲ್ಪವಿರಾಮಸಹಿತ ಬಾಯಿಪಾಠ ಮಾಡಿ ಒಪ್ಪಿಸಿದ ಅವನ ನೆರೆಯವನು ಪಾಸಾದನು. ಸಂತೆಯನ್ನು ಬರೆದ ಹುಡುಗನು ಇಂಗ್ಲಿಷೊಂದರಲ್ಲಿಯೇ ಡುಮ್ಕಿ ಹೊಡೆದು, ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಗೈಡಿನ ಕೃಪೆಯಿಂದ ತೇರ್ಗಡೆಯಾದನು. ಮೂವತ್ತೈದನ್ನು ದಾಟಿದನೋ ಇಲ್ಲವೋ ಎಂಬುದೊಂದನ್ನೇ ಕೇಳುವ ಪರೀಕ್ಷೆಗೆ, ಎಲ್ಲಿಂದ ಹೊರಟು ಎಲ್ಲಿಗೆ ಬಂದನೆಂಬುದು ಕಾಣುವುದೇ ಇಲ್ಲ. ಈ ಕಾರಣದಿಂದ ನಾನು ವರ್ಷದ ಮೊದಲ ಬರೆಹವನ್ನೂ ಕೊನೆಯ ಬರೆಹವನ್ನೂ ಒಟ್ಟಿಗೆ ಹೊಲಿದು ಅವರವರ ಕೈಗೇ ಕೊಡುವ ಪದ್ಧತಿಯನ್ನಿಟ್ಟುಕೊಂಡೆನು. ಅದಕ್ಕೆ ಅಂಕವಿಲ್ಲ, ಸಹಿಯಿಲ್ಲ. ಅದನ್ನು ಜೋಪಾನ ಮಾಡಿಟ್ಟುಕೊಂಡವರೂ ಇದ್ದಾರೆ.

ಕಾಲಾಂತರದಲ್ಲಿ, 1979ರಿಂದ 1984ರವರೆಗೆ, ಬೆಂಗಳೂರು, ಮದರಾಸು ಮೊದಲಾದ ಕಡೆಯ ಶಾಲೆಗಳಲ್ಲಿ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆದ ಪ್ರಯೋಗವು ಬೆಂಗಳೂರು ಪ್ರಾಜೆಕ್ಟ್ ಎಂಬ ಹೆಸರಿನಿಂದ ಲೋಕದ ಭಾಷಾಬೋಧಕರ ನಡುವೆ ಖ್ಯಾತವಾಯಿತು. ವ್ಯಾಕರಣವನ್ನು ಪಾಠವಾಗಿ ಹೇಳದೆ, ರೈಲ್ವೆ ವೇಳಾಪಟ್ಟಿ, ನಕಾಶೆ ಮುಂತಾದವುಗಳ ಮೇಲೆ ಬುದ್ಧಿಗೆ ಕೆಲಸ ಕೊಟ್ಟು, ಆ ಕೆಲಸದ ಮೂಲಕವೇ ಭಾಷೆಯನ್ನು ಬರಿಸಬೇಕೆಂಬುದು ಅದರ ತತ್ತ್ವ. 1987ರಲ್ಲಿ ಅವರ ಪುಸ್ತಕವು ಬಂದಾಗ ನಾನು ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಒಂದು ಸಣ್ಣ ಅಳತೆಗೋಲನ್ನು: ತರಗತಿಯ ಅರ್ಧದಷ್ಟಾದರೂ ಮಂದಿಗೆ ಕೆಲಸದ ಅರ್ಧದಷ್ಟಾದರೂ ಸರಿಯಾಗಿ ಬಂದರೆ ಆ ಕೆಲಸವು ಆ ತರಗತಿಗೆ ತಕ್ಕ ಮಟ್ಟದ್ದು. ಅಧ್ಯಾಪಕನಾಗಿ ನಿಂತವನಿಗೆ ಮಾತ್ರ ಹೊಳೆಯುವ ಅಳತೆಯಿದು. ಆದರೆ ವಿದ್ಯಾರ್ಥಿಗಳು ಗುಂಪುಗಳಲ್ಲಿ ಕುಳಿತು ತಮ್ಮತಮ್ಮಲ್ಲಿ ಮಾತನಾಡುವುದರಿಂದ ತಪ್ಪು ರೂಪಗಳೇ ಗಟ್ಟಿಯಾಗುವುವೆಂಬ ಅವರ ಆತಂಕವನ್ನು ನಾನು ಪೂರ್ಣವಾಗಿ ಒಪ್ಪಲಾರೆ. ನೂರು ಮಂದಿಯ ಕೊಠಡಿಯಲ್ಲಿ ಅಧ್ಯಾಪಕನೊಡನೆಯೇ ಮಾತನಾಡಬೇಕೆಂದರೆ ಹೆಚ್ಚಿನವರಿಗೆ ಮಾತನಾಡುವ ಸರದಿಯೇ ಬಾರದು.

ನಿವೃತ್ತನಾದ ಮೇಲೆ, ಅಮೆರಿಕದ ಕ್ಯಾರಲ್ ಆನ್ ಟಾಮ್ಲಿನ್ಸನ್ ಅವರು 1999ರಲ್ಲಿ ಭಿನ್ನೀಕೃತ ಬೋಧನೆಯ ತರಗತಿಯನ್ನು ಕುರಿತು ಬರೆದ ಪುಸ್ತಕವನ್ನು ಕಿರಿಯ ಮಿತ್ರರೊಬ್ಬರು ತಂದುಕೊಟ್ಟರು. ವಿಷಯ, ಕಲಿಯುವ ಕ್ರಮ, ಕಲಿತುದನ್ನು ತೋರಿಸುವ ರೀತಿ—ಈ ಮೂರನ್ನೂ ವಿದ್ಯಾರ್ಥಿಯ ಸಿದ್ಧತೆಗೂ ಆಸಕ್ತಿಗೂ ಒಪ್ಪುವಂತೆ ಬದಲಿಸಬಹುದೆಂಬ ಅವರ ವಿವೇಚನೆಯು ಸುಸ್ಪಷ್ಟವಾಗಿದೆ. ಇದರ ಬೆನ್ನಿಗೆ ಅಂಟಿಕೊಂಡು ತರಬೇತಿಗಳಲ್ಲಿ ಪ್ರಚಾರವಾಗಿರುವ ಮತ್ತೊಂದು ಮಾತು ಮಾತ್ರ, ಎಂದರೆ ಒಬ್ಬನು ಕಣ್ಣಿನಿಂದ ಕಲಿಯುವವನು, ಇನ್ನೊಬ್ಬನು ಕಿವಿಯಿಂದ ಕಲಿಯುವವನು, ಆಯಾ ಇಂದ್ರಿಯಕ್ಕೆ ತಕ್ಕಂತೆ ಕಲಿಸಬೇಕು ಎಂಬುದು, ಪರೀಕ್ಷೆಗೆ ನಿಲ್ಲಲಿಲ್ಲ. 2008ರಲ್ಲಿ ಪ್ಯಾಷ್ಲರ್ ಮತ್ತು ಸಂಗಡಿಗರು ಮಾಡಿದ ವಿಮರ್ಶೆಯಲ್ಲಿ ಅದಕ್ಕೆ ತಕ್ಕ ಆಧಾರವು ದೊರೆಯಲಿಲ್ಲ. ನಮ್ಮ ಹುಡುಗರಲ್ಲಿದ್ದ ಭೇದವು ಇಂದ್ರಿಯಗಳದಾಗಿರಲಿಲ್ಲ. ಯಾರ ಮನೆಯಲ್ಲಿ ಪುಸ್ತಕವಿತ್ತು, ಯಾರ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರಿದ್ದರು, ಯಾರ ತಂದೆ ಯಾವ ಬೀದಿಯಲ್ಲಿ ನಡೆಯಬಹುದಾಗಿತ್ತು ಎಂಬುವುಗಳದಾಗಿತ್ತು.

ಇಂದು ನಮ್ಮ ವಿಶ್ವವಿದ್ಯಾನಿಲಯಗಳ ಪಠ್ಯಸಮಿತಿಗಳಲ್ಲಿ ನನ್ನ ಶಿಷ್ಯರ ಶಿಷ್ಯರು ಕುಳಿತಿದ್ದಾರೆ. ಅವರು ಪ್ರತಿ ಮೂರು ನಾಲ್ಕು ವರ್ಷಕ್ಕೊಮ್ಮೆ ಗಾರ್ಡಿನರನನ್ನು ತೆಗೆದು ಇನ್ನೊಬ್ಬನನ್ನು ಸೇರಿಸುತ್ತಾರೆ, ಕಾರ್ಯಾಗಾರಗಳನ್ನು ನಡೆಸುತ್ತಾರೆ, ವಿದ್ಯಾರ್ಥಿಕೇಂದ್ರಿತವೆಂಬ ವಿಶೇಷಣವನ್ನು ಪೀಠಿಕೆಯಲ್ಲಿ ಮುದ್ರಿಸುತ್ತಾರೆ. ಅವರಲ್ಲಿ ನನ್ನದು ಒಂದೇ ವಿಜ್ಞಾಪನೆ: ಪಠ್ಯವನ್ನು ಕೆಲವು ಕಾಲ ಹಾಗೆಯೇ ಬಿಟ್ಟು ಪ್ರಶ್ನಪತ್ರಿಕೆಯನ್ನು ತಿದ್ದಿರಿ. ಕ್ರಮಗೊಳಿಸುವವನಿಗೂ ಸಂವಾದ ಬರೆಯುವವನಿಗೂ ಪ್ರತಿವಾದ ಹೂಡುವವಳಿಗೂ ಅದರಲ್ಲಿ ಒಂದೊಂದು ಪ್ರಶ್ನೆಯನ್ನಿಡಿರಿ, ಗೈಡಿನಿಂದ ಉತ್ತರಿಸಲಾಗದಂಥ ಪ್ರಶ್ನೆಯನ್ನು. ತರಗತಿಯೊಳಗೆ ಮಾಡಬೇಕಾದುದನ್ನು ಅಧ್ಯಾಪಕರು ತಾವಾಗಿಯೇ ಮಾಡಿಕೊಳ್ಳುತ್ತಾರೆ.